ಕೂರಲಾರದವಳು ಕೂತ ದಿನ

ಅವಳು ನಡೆದು ಬರುತ್ತಿದ್ದರೆ ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಸೊಂಟ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುವ ಆ ಸೊಂಟ, ಎದೆಯ ಮಟ್ಟಕ್ಕೆ ಮಡಚಿ ಗರಗಸದಂತೆ ಹಿಂದೆ ಮುಂದೆ ಆಡುವ ಮೊಣಕೈಗಳು, ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಿಂದ ದೇಹದ ಭಾರವೆಲ್ಲ ಅದರ ಮೇಲೆ ಹಾದುಹೋಗುವವರೆಗೂ ಎಳ್ಳಷ್ಟೂ ಬಾಗದ ಮಂಡಿ: ಇವೆಲ್ಲ ಸೇರಿ ನೋಡುವವರಲ್ಲಿ ಮೊದಲು ನಗೆಯನ್ನೂ ಆಮೇಲೆ ಸಂಕೋಚವನ್ನೂ ಕಡೆಗೆ ಒಂದು ಬಗೆಯ ವಿಸ್ಮಯವನ್ನೂ ಹುಟ್ಟಿಸುತ್ತಿದ್ದವು, ಏಕೆಂದರೆ ನಕ್ಕು ಮುಗಿಸುವಷ್ಟರಲ್ಲಿ ಅವಳು ಬೀದಿಯ ಆಚೆ ತುದಿಯನ್ನು ಮುಟ್ಟಿ ಮರೆಯಾಗಿರುತ್ತಿದ್ದಳು. ಮಕ್ಕಳು ಬಾತುಕೋಳಿ ಎಂದು ಹೆಸರಿಟ್ಟರು. ದೊಡ್ಡವರ ಬಾಯಲ್ಲಿ ಕೋಳಿ ಉದುರಿ ಬಾತು ಮಾತ್ರ ಉಳಿಯಿತು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. "ಹಾಗಲ್ಲ, ಬಾತು ಸುಸ್ತಾಗಿ ಕೂತಿದ್ದನ್ನ ಯಾರಾದ್ರೂ ನೋಡಿದ್ದೀರಾ?" ಎಂದು ತಿರುಗಿ ಕೇಳಿದಳು.

"ಹಾಗಲ್ಲ" ಎಂಬುದು ಅವಳ ಮಾತಿನ ಹೊಸ್ತಿಲು. ಅದನ್ನು ದಾಟದೆ ಅವಳ ಯಾವ ವಾಕ್ಯವೂ ಹೊರಗೆ ಬರುತ್ತಿರಲಿಲ್ಲ. ಒಪ್ಪಿಗೆಯಿದ್ದರೂ "ಹಾಗಲ್ಲ, ನೀವು ಹೇಳಿದ್ದೇ ಸರಿ" ಎನ್ನುತ್ತಿದ್ದಳು.

ನಡಿಗೆ ಸ್ಪರ್ಧೆ ಅವಳ ಆಟ. ಓಡುವ ಆಸೆಯನ್ನು ಹೆಜ್ಜೆ ಹೆಜ್ಜೆಗೂ ಅದುಮಿಟ್ಟು, ಓಡುವವರ ಹತ್ತಿರ ಹತ್ತಿರದ ವೇಗದಲ್ಲಿ ನಡೆಯಬೇಕಾದ ಆಟವದು. ಒಂದು ಪಾದ ಸದಾ ನೆಲದ ಮೇಲಿರಬೇಕು. ಎರಡೂ ಎದ್ದದ್ದು ಕಣ್ಣಿಗೆ ಬಿದ್ದರೆ ತೀರ್ಪುಗಾರರು ಕೆಂಪು ಕಾರ್ಡು ಬರೆಯುತ್ತಾರೆ. ಹೊಟ್ಟೆಪಾಡಿಗೆ ಅವಳು ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದು ಸಾಲಾಗಿ ಕೂತಿರುತ್ತಿದ್ದ ಆ ಕೋಣೆಯಲ್ಲಿ, ಗುಲಾಬಿ ಬಣ್ಣದ ಮೇಣವನ್ನು ಬೆಂಕಿಗೆ ಹಿಡಿದು ಮೆತ್ತಗಾಗಿಸಿ, ಅಪರಿಚಿತರ ಒಸಡುಗಳಿಗೆ ಆಕಾರ ಕೊಡುತ್ತ, ಇಡೀ ದಿನ ಅವಳು ನಿಂತೇ ಇರುತ್ತಿದ್ದಳು.

ವಿಧಿಯ ತಮಾಷೆಯೋ ಏನೋ, ಅವಳ ಗಂಡ ಸೋಫಾ ಕುರ್ಚಿಗಳಿಗೆ ಹೊಸ ಮೈ ಕೊಡುವ ಕಸುಬಿನವನು. ಸ್ವಭಾವತಃ ಸ್ಥೂಲಕಾಯ, ನಿಧಾನಿ. ತುಟಿಯ ನಡುವೆ ನಾಲ್ಕಾರು ಮೊಳೆ ಕಚ್ಚಿಕೊಂಡೇ ಗಿರಾಕಿಗಳೊಡನೆ ವ್ಯಾಪಾರ ಕುದುರಿಸಬಲ್ಲವನು. ಕ್ಲಿನಿಕ್ಕಿನ ಕುರ್ಚಿಗಳ ಹರಿದ ರೆಕ್ಸಿನ್ ಬದಲಾಯಿಸಲು ಹೋದಾಗಲೇ ಅವನು ಅವಳನ್ನು ಮೊದಲು ಕಂಡದ್ದು. ಸ್ಟೂಲೊಂದನ್ನು ಒರೆಸಿ ಮುಂದೆ ಸರಿಸಿ "ಕೂತ್ಕೊಳ್ಳಿ" ಎಂದ. "ಹಾಗಲ್ಲ, ಕೂತ್ರೆ ನನ್ನ ಕೈ ನಿದ್ದೆ ಮಾಡುತ್ತೆ" ಎಂದಳು. ಅವನು ಅಲ್ಲೇ ಬಿದ್ದುಹೋದ. ಮದುವೆಯಾದ ಹೊಸದರಲ್ಲಿ ತನ್ನ ಕಸುಬಿನ ಜಾಣ್ಮೆಯನ್ನೆಲ್ಲ ಸುರಿದು, ಒಳ್ಳೆಯ ಸ್ಪ್ರಿಂಗು, ಒಳ್ಳೆಯ ನಾರು, ಕಡುಹಸಿರು ಬಟ್ಟೆ ಹಾಕಿ ಅವಳಿಗೆಂದೇ ಒಂದು ಕುರ್ಚಿ ಮಾಡಿಕೊಟ್ಟ. ಅವಳು ಅದರ ಮೇಲೆ ಒಗೆದ ಬಟ್ಟೆ ಒಣಹಾಕಿದಳು. ಊಟವನ್ನು ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲವರೆಗೆ ಅಡ್ಡಾಡುತ್ತ ಮಾಡುವಳು. ಹಲ್ಲುಜ್ಜುತ್ತ ಮಹಡಿ ಮೆಟ್ಟಿಲು ಹತ್ತಿಳಿಯುವಳು. ಗಂಡನ ಹಳೆಯ ಬೂದು ಸ್ವೆಟರಿನ ತೋಳು ಕತ್ತರಿಸಿ, ಮೊಣಕೈ ಆಡಲು ಜಾಗ ಮಾಡಿಕೊಂಡು, ನಸುಕಿನಲ್ಲಿ ಅದನ್ನೇ ತೊಟ್ಟು ಮೈದಾನಕ್ಕೆ ಹೊರಡುವಳು. "ಒಂದು ಗಳಿಗೆ ಕೂರೇ, ಕುರ್ಚಿ ಅಳ್ತಾ ಇದೆ" ಎಂದು ಅವನು ಗೋಗರೆಯುವುದು ಆ ಮನೆಯ ನಿತ್ಯದ ಸರಸವಾಗಿತ್ತು.

ಆ ವರ್ಷ ಅವಳಿಗೆ ಕಾಲ ಕೂಡಿಬಂದಿತ್ತು. ಎಷ್ಟೋ ವರ್ಷಗಳಿಂದ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದವಳು ಈ ಸಲ ರಾಜ್ಯ ತಂಡಕ್ಕೆ ಆಯ್ಕೆಯಾಗುವುದು ಖಂಡಿತ ಎಂದು ಮೈದಾನದವರೆಲ್ಲ ಹೇಳುತ್ತಿದ್ದರು. ಅಷ್ಟರಲ್ಲಿ ನೆಗಡಿ ಬಂತು.

ಕಾಯಿಲೆಗಳ ಕುಲದಲ್ಲಿ ನೆಗಡಿಗಿಂತ ಕಡಿಮೆ ಮರ್ಯಾದೆಯದು ಇನ್ನೊಂದಿಲ್ಲ. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಬಂದು ಹೋಗಿತ್ತು. ಇವಳಿಗೂ ಗಂಟಲು ಕೆರೆತ, ಮೈಕೈ ನೋವು, ಇದೆಯೋ ಇಲ್ಲವೋ ಎನ್ನುವಂಥ ಜ್ವರ. ಎರಡು ದಿನ ಮೈದಾನ ತಪ್ಪಿಸಿದಳು. ಮೂರನೆಯ ನಸುಕಿಗೆ ಸ್ವೆಟರು ತೊಟ್ಟು ಹೊರಟಾಗ ಗಂಡ ಹೊದಿಕೆಯೊಳಗಿಂದಲೇ "ಇನ್ನೊಂದೆರಡು ದಿನ ಬಿಡಬಾರದಾ?" ಎಂದ. "ಹಾಗಲ್ಲ ರೀ, ಬೆವರಿದ್ರೆ ಎಲ್ಲ ಹೊರಗೆ ಹೋಗುತ್ತೆ." ಅವನಿಗೂ ಅದು ಸರಿ ಎನ್ನಿಸಿತು. ಮಗ್ಗುಲಾದ.

ಮುಂದಿನ ವಾರದಲ್ಲಿ ಅವನ ಕಣ್ಣಿಗೆ ಎಲ್ಲವೂ ಬಿದ್ದಿತ್ತು, ಮನಸ್ಸಿಗೆ ಒಂದೂ ತಟ್ಟಲಿಲ್ಲ. ಅವನು ಕ್ಲಿನಿಕ್ಕಿಗೆ ಬಿಡಲು ಹೋದ ದಿನ, ಪ್ಲಾಸ್ಟರಿನ ಚೀಲ ಹೊತ್ತು ಅಲ್ಲಿನ ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಂತು ಕಂಬಿ ಹಿಡಿದಳು. ಚೀಲ ಭಾರವಿರಬೇಕು ಎಂದುಕೊಂಡ. ಎದೆ ಒಂಥರಾ ಬಿಗಿ ಎಂದಳು. ಕೆಮ್ಮಿ ಕೆಮ್ಮಿ ನೋಯುತ್ತಿರಬೇಕು ಎಂದು ಇಬ್ಬರೂ ಸೇರಿಯೇ ತೀರ್ಮಾನಿಸಿದರು. ಸುಮ್ಮನೆ ನಿಂತಿದ್ದಾಗಲೂ ಎದೆಯೊಳಗೆ ಏನೋ ಪಟಪಟ ಎನ್ನುತ್ತೆ ಎಂದಳು. ಆಯ್ಕೆ ಹತ್ತಿರ ಬಂತಲ್ಲ, ಅದಕ್ಕೇ, ಎಂದು ಅವನು ನಕ್ಕ. ಆಮೇಲೆ ಒಂದು ಶನಿವಾರ ಮಧ್ಯಾಹ್ನ ಅವಳು ತಟ್ಟೆ ಹಿಡಿದು ಬಂದು, ಹಸಿರು ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಪಕ್ಕಕ್ಕಿಟ್ಟು, ಅದರಲ್ಲಿ ಕೂತಳು.

ಕೂತೇ ಉಂಡಳು. ಉಂಡ ಮೇಲೂ ಏಳಲಿಲ್ಲ.

"ಇವತ್ತು ಸೂರ್ಯ ಯಾವ ದಿಕ್ಕಿಗೆ ಹುಟ್ಟಿದ್ದಾನೆ ಸ್ವಲ್ಪ ನೋಡ್ಬೇಕು!" ಎಂದ ಅವನು, ಹಿಗ್ಗು ತಡೆಯಲಾರದೆ.

"ಹಾಗಲ್ಲ ರೀ, ನಿಮ್ಮ ಕುರ್ಚಿ ನಿಜವಾಗ್ಲೂ ಚೆನ್ನಾಗಿದೆ."

ಆ ಒಂದು ಮಾತಿಗಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಸಂಜೆ ಅಂಗಡಿಯಲ್ಲಿ ಮೊಳೆ ಹೊಡೆಯುತ್ತ ಸಿಳ್ಳೆ ಹಾಕಿದ.

ಮರುದಿನ ಬೆಳಿಗ್ಗೆ, ಆ ಖುಷಿಯಲ್ಲೇ, ಎಂದೂ ಇಲ್ಲದವನು ಅವಳ ಜೊತೆ ಮೈದಾನಕ್ಕೆ ಹೋದ. ಸಿಮೆಂಟಿನ ಮೆಟ್ಟಿಲ ಮೇಲೆ ಫ್ಲಾಸ್ಕು ಪಕ್ಕಕ್ಕಿಟ್ಟುಕೊಂಡು ಕೂತ. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಬ್ಯಾಂಕಿನ ಕ್ಯಾಶಿಯರ್ ಒಬ್ಬಳು ನಡೆಯುತ್ತಿದ್ದಳು: ಅವಳ ಹಳೆಯ ಪ್ರತಿಸ್ಪರ್ಧಿ, ಅಷ್ಟೇ ಹಳೆಯ ಗೆಳತಿ. ತಿರುವಿನ ಹತ್ತಿರ ಹೆಂಡತಿಯ ಮೊಣಕೈಗಳು ಆಡುವುದನ್ನು ನಿಲ್ಲಿಸಿ ಇಳಿಬಿದ್ದವು. ಆಮೇಲೆ ಅವಳೇ ಇಲ್ಲ. ಲೇಸು ಕಟ್ಟಲು ಬಗ್ಗಿದಳೆಂದು ಅವನು ತಿಳಿದ. ಬಾಯಾರಿರಬೇಕೆಂದು ಫ್ಲಾಸ್ಕಿನ ಮುಚ್ಚಳವನ್ನೂ ತಿರುಗಿಸತೊಡಗಿದ. ಬೀಳುವವರು ಕೈ ಊರುತ್ತಾರೆ, ಕೂಗುತ್ತಾರೆ ಎಂಬುದಷ್ಟೇ ಅವನಿಗೆ ಗೊತ್ತಿದ್ದುದು. ಒಂದು ಸದ್ದೂ ಇಲ್ಲದೆ, ಹಗ್ಗ ಕಡಿದ ಪರದೆಯಂತೆ, ಮನುಷ್ಯರು ಬೀಳಬಹುದೆಂದು ಯಾರೂ ಹೇಳಿರಲಿಲ್ಲ. ಕ್ಯಾಶಿಯರ್ ಓಡಿದ್ದನ್ನು ಕಂಡಾಗಲೇ ಅವನು ಫ್ಲಾಸ್ಕು ಬಿಟ್ಟು ಎದ್ದದ್ದು. ಇಷ್ಟು ವರ್ಷಗಳಲ್ಲಿ ಆಕೆ ಆ ಮೈದಾನದಲ್ಲಿ ಓಡಿದ್ದನ್ನು ಯಾರೂ ನೋಡಿರಲಿಲ್ಲ.

ಅವನು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಆಕೆ ಮಂಡಿಯೂರಿ, ಎರಡೂ ಅಂಗೈ ಒಂದರ ಮೇಲೊಂದಿಟ್ಟು, ತನ್ನ ಮೈಭಾರವನ್ನೆಲ್ಲ ಹೇರಿ ಇವಳ ಎದೆಯನ್ನು ಒತ್ತುತ್ತಿದ್ದಳು. "ಮುಟ್ಬೇಡಿ! ಆಫೀಸಿನ ಗೋಡೆ ಮೇಲೆ ಪೆಟ್ಟಿಗೆ ಇದೆ, ತರೋಕೆ ಹೇಳಿ!" ಎಂದು ಅರಚಿದಳು. ತಾಳ ತಪ್ಪಿದ ಹೃದಯಕ್ಕೆ ಕರೆಂಟಿನ ಪೆಟ್ಟು ಕೊಡುವ ಆ ಪೆಟ್ಟಿಗೆಯನ್ನು ಯಾರೋ ಆಗಲೇ ತಂದಿದ್ದರು. ತೋಳು ಕತ್ತರಿಸಿದ ಸ್ವೆಟರನ್ನು ಸೀಳಿ ಎದೆಗೆ ಎರಡು ಪಟ್ಟಿ ಅಂಟಿಸಿದರು. ಎಲ್ಲರೂ ದೂರ ಸರಿಯಿರಿ ಎಂದು ಪೆಟ್ಟಿಗೆಯೇ ಮಾತಾಡಿತು. ದೇಹ ನೆಲದಿಂದ ಒಮ್ಮೆ ಚಿಮ್ಮಿ ಬಿತ್ತು. ಮತ್ತೆ ಒತ್ತಿದರು. ಕೊನೆಗೆ ಅವಳ ಗಂಟಲಿನಿಂದ ಹೊರಟ ನರಳಿಕೆ ಹೆಂಡತಿಯದೆಂದು ಅವನಿಗೆ ಗುರುತೇ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು, ಕನ್ನಡಕ ಹಣೆಗೇರಿಸಿದ್ದ ಹೆಂಗಸು, ಅವನನ್ನು ಕೇಳಿದರು: "ಇತ್ತೀಚೆಗೆ ಏನಾದ್ರೂ ಕಾಯಿಲೆ ಆಗಿತ್ತಾ?"

"ಇಲ್ಲ ಡಾಕ್ಟ್ರೇ. ಕಬ್ಬಿಣದ ಹಾಗಿದ್ಲು." ಆಮೇಲೆ ನೆನಪಾಗಿ, "ಒಂದು ನೆಗಡಿ ಬಂದಿತ್ತು. ನೆಗಡೀನೂ ಲೆಕ್ಕಕ್ಕೆ ತಗೋತೀರಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಪೆನ್ನು ಮೇಜಿಗೆ ತಾಗಿದ ಸಣ್ಣ ಸದ್ದಿಗೆ ಅವನು ಬೆಚ್ಚಿಬಿದ್ದ.

ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನು ಎಲ್ಲ ಮುಗಿದ ಮೇಲೆ ಆಕೆ ಅವನನ್ನು ಕೂರಿಸಿ ಬಿಡಿಸಿ ಹೇಳಿದರು. "ಗಂಟಲಿಗೆ ಬಂದ ವೈರಸ್ಸಿನಿಂದ ಒಮ್ಮೊಮ್ಮೆ ಹೃದಯಕ್ಕೂ ಪೆಟ್ಟು ಬೀಳುತ್ತೆ. ನೆಗಡಿ ಬಂದವರಿಗೆಲ್ಲ ಹೀಗಾಗಲ್ಲ, ಅಪರೂಪ. ಆದ್ರೆ ಇವರಿಗೆ ಆಗಿದೆ. ಹೃದಯದ ಸ್ನಾಯು ಬಾತುಕೊಂಡಿದೆ."

ಬಾತು ಎಂಬ ಆ ಎರಡಕ್ಷರ ಡಾಕ್ಟರ ಬಾಯಲ್ಲಿ ಕೇಳಿ ಅವನು ತಲೆಯೆತ್ತಿದ. ಇವರಿಗೆ ಅವಳ ಅಡ್ಡಹೆಸರು ಹೇಗೆ ಗೊತ್ತಾಯಿತು ಎಂದು, ಒಂದು ಕ್ಷಣ, ಮೂರ್ಖನಂತೆ ಅವರ ಮುಖವನ್ನೇ ನೋಡಿದ.

"ಬಾತುಕೊಂಡಿರೋ ಹೃದಯಾನ ಹಾಗೆ ದುಡಿಸಿದ್ರೆ ತಾಳ ತಪ್ಪುತ್ತೆ" ಎಂದು ಅವರು ಮುಂದುವರಿಸಿದರು. "ಎದೆ ನೋವು, ಎದೆ ಪಟಪಟ ಅನ್ನೋದು, ಸುಮ್ಮಸುಮ್ಮನೆ ಏದುಸಿರು, ಯಾವತ್ತೂ ಇಲ್ಲದ ಸುಸ್ತು, ಇಂಥದ್ದು ಒಂದಾದ್ರೂ ಕಂಡಿತ್ತಾ?"

ಒಂದಾದರೂ! ಎಲ್ಲವೂ ಕಂಡಿತ್ತು. ಕಂಬಿ ಹಿಡಿದ ಕೈ ಕಂಡಿತ್ತು, ಕುರ್ಚಿಯಲ್ಲಿ ಕೂತ ಮಧ್ಯಾಹ್ನ ಕಂಡಿತ್ತು, ತಾನು ಹಾಕಿದ ಸಿಳ್ಳೆ ಕಿವಿಯಲ್ಲಿ ಕೇಳಿತು. ಹೌದೆಂದು ತಲೆಯಾಡಿಸಿದ. ಹೊರಗೆ ಬಂದು ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ, ನೆಲ ಒರೆಸುತ್ತಿದ್ದವಳಿಗೂ, "ನೆಗಡಿ ಅಮ್ಮಾ, ಬರೀ ನೆಗಡಿ!" ಎಂದು ಹೇಳುತ್ತ ನಿಂತ.

ಅವಳಿಗೆ ಎಚ್ಚರವಾದಾಗ ಕ್ಯಾಶಿಯರ್ ಹಾಸಿಗೆಯ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಒತ್ತಿದ ರಭಸಕ್ಕೆ ಒಂದು ಪಕ್ಕೆಲುಬು ಮುರಿದಿತ್ತು.

"ಹಾಗಲ್ಲ, ಇಷ್ಟು ವರ್ಷ ಸೋತಿದ್ದಕ್ಕೆ ಒಂದೇ ಸಲ ಸೇಡು ತೀರಿಸ್ಕೊಂಡೆಯಲ್ಲೇ" ಎಂದು ಬಾತು ಪಿಸುಗುಟ್ಟಿದಳು. "ಟ್ರ್ಯಾಕಲ್ಲಿ ಓಡಿದೆಯಂತೆ. ನಿಂಗೆ ಕೆಂಪು ಕಾರ್ಡು."

ಆಕೆ ನಗಲು ಹೋಗಿ ಬಿಕ್ಕಿಬಿಕ್ಕಿ ಅತ್ತಳು.

ಆದರೆ ಡಾಕ್ಟರು ಬಂದು, ಆರು ತಿಂಗಳು ಟ್ರ್ಯಾಕಿಗೆ ಇಳಿಯಬೇಡಿ, ಆಮೇಲೆ ಮತ್ತೆ ಎಲ್ಲ ಪರೀಕ್ಷೆ ಮಾಡಿಯೇ ಮುಂದಿನ ಮಾತು ಎಂದಾಗ, ಅವಳು "ಆಯ್ತು" ಎಂದಳು. ಅಷ್ಟೇ. ಹೊಸ್ತಿಲೇ ಇಲ್ಲದ ಆ ಒಂಟಿ ಪದ ಕೇಳಿ ಗಂಡನಿಗೆ ಮೈದಾನದಲ್ಲಾದುದಕ್ಕಿಂತ ದೊಡ್ಡ ದಿಗಿಲಾಯಿತು.

ಎಲ್ಲರೂ ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು: "ನಂಗೆ ಗೊತ್ತಾಗ್ಲಿಲ್ಲವಲ್ಲ ರೀ. ಕಾಲಲ್ಲಿ ಗುಳ್ಳೆ ಏಳೋದಕ್ಕೆ ಮುಂಚೇನೇ ನಂಗೆ ಗೊತ್ತಾಗುತ್ತೆ. ನನ್ನ ಹೃದಯ ನಂಗೇ ಗೊತ್ತಾಗ್ಲಿಲ್ಲ."

"ನಂಗೆ ಕಂಡಿತ್ತು ಕಣೇ." ಅವನು ಹಾಸಿಗೆಯ ಹತ್ತಿರ ಸರಿದ. "ನೀನು ಕೂತಿದ್ದು ನೋಡಿ ನಾನು ಖುಷಿಪಟ್ಟೆ."

ಅವಳು ಅವನ ಕೈಗಾಗಿ ತಡವಿದಳು. "ಹಾಗಲ್ಲ. ಕೂತಾಗ ನಂಗೂ ಖುಷಿಯಾಗಿತ್ತು. ಎಷ್ಟು ಹಾಯಾಗಿತ್ತು ಅಂದ್ರೆ, ಇಷ್ಟು ದಿನ ಯಾಕೆ ಕೂರ್ಲಿಲ್ಲ ಅನ್ನಿಸ್ತು."

ಆ ಆರು ತಿಂಗಳನ್ನು ಅವಳು ಕಳೆದ ರೀತಿಯೂ ಅವಳದೇ. ಅಳಲಿಲ್ಲ, ಗೊಣಗಲಿಲ್ಲ. ಯಾವ ಹಟದಿಂದ ನಡೆದಿದ್ದಳೋ ಅದೇ ಹಟದಿಂದ ಕೂತಳು. ಕ್ಲಿನಿಕ್ಕಿನಲ್ಲಿ ಸ್ಟೂಲು ಕೇಳಿ ಹಾಕಿಸಿಕೊಂಡಳು. ಕೂತು ಮಾಡಿದ ಹಲ್ಲುಗಳೂ ಜನರ ಬಾಯಿಗೆ ಸರಿಯಾಗಿಯೇ ಕೂತವು. ಆಯ್ಕೆಯ ದಿನ ಅದೇ ಸಿಮೆಂಟಿನ ಮೆಟ್ಟಿಲ ಮೇಲೆ ಗಂಡನ ಪಕ್ಕ ಕೂತು, ತನ್ನ ಜಾಗ ಕ್ಯಾಶಿಯರಿಗೆ ಸಿಕ್ಕಿದ್ದನ್ನು ನೋಡಿ ಚಪ್ಪಾಳೆ ತಟ್ಟಿದಳು. ಚಪ್ಪಾಳೆ ನಿಂತ ಮೇಲೆ ಅವಳ ಅಂಗೈಗಳು ಬಹಳ ಹೊತ್ತು ಹಾಗೇ ಜೋಡಿಕೊಂಡೇ ಇದ್ದವು. ಅವಧಿ ಮುಗಿದು ಪರೀಕ್ಷೆ ಮಾಡಿದಾಗ ಊತ ಇಳಿದಿತ್ತು, ತಾಳ ಸರಿಯಾಗಿತ್ತು. ಹೃದಯದ ಗೋಡೆಯಲ್ಲಿ ಕೂದಲೆಳೆಯಂಥ ಗಾಯದ ಗುರುತೊಂದು ಮಾತ್ರ ಉಳಿದಿತ್ತು. ನಡೆಯಬಹುದು, ನಿಧಾನವಾಗಿ ಹೆಚ್ಚಿಸಬಹುದು, ಸ್ಪರ್ಧೆ ಸದ್ಯಕ್ಕೆ ಬೇಡ, ಇನ್ನೊಂದು ವರ್ಷ ನೋಡೋಣ ಎಂದರು ಡಾಕ್ಟರು. ಈಗ ಆ ಮೈದಾನದ ಹೆಂಗಸರು ಕಾಲು ಉಳುಕಿದ್ದನ್ನು ಹೇಳುವಷ್ಟೇ ಗಂಭೀರವಾಗಿ ನೆಗಡಿಯನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಯಾರಾದರೂ ಎದೆ ಬಿಗಿ ಎಂದರೆ ಉಳಿದವರು ಅವರನ್ನು ಟ್ರ್ಯಾಕಿಗೆ ಇಳಿಯಗೊಡದೆ ಡಾಕ್ಟರ ಬಳಿ ಕಳಿಸುತ್ತಾರೆ.

ದೇಹವನ್ನೇ ಸಾಧನೆಗೆ ಒಡ್ಡಿದವರದು ಒಂದು ವಿಚಿತ್ರ ವಿದ್ಯೆ. ಇನ್ನು ಆಗದು ಎಂದು ಮೈ ಹೇಳಿದಾಗಲೆಲ್ಲ ಅದು ಸುಳ್ಳೆಂದು ಬಗೆಯುವುದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಹಾಗೆ ಬಗೆದು ಗೆದ್ದಾಗಲೆಲ್ಲ ನಾವು ಕೊರಳಿಗೆ ಪದಕ ಹಾಕಿ ಆ ಅಭ್ಯಾಸವನ್ನು ಗಟ್ಟಿಗೊಳಿಸಿರುತ್ತೇವೆ. ನೂರು ಸಲ ಸುಳ್ಳು ಹೇಳಿದ ಅದೇ ಮೈ ಒಂದು ದಿನ ಅದೇ ದನಿಯಲ್ಲಿ ನಿಜ ಹೇಳುತ್ತದೆ, ಒಂದಿಷ್ಟೂ ದನಿ ಏರಿಸದೆ. ಆಗ ಕೇಳಿಸಿಕೊಳ್ಳುವ ಕಿವಿ ಅವರಿಗೂ ಇರುವುದಿಲ್ಲ, ಅವರನ್ನು ಪ್ರೀತಿಸುವವರಿಗೂ ಇರುವುದಿಲ್ಲ. ಇಂಥವರ ಮನೆಯಲ್ಲಿ ದಿಗ್ಭ್ರಮೆ ಬೇಗ ಆರುವುದಿಲ್ಲ. ಎಲ್ಲ ಸರಿಹೋದ ಮೇಲೂ ಮನೆಯವರು, ನಡುಹಗಲಲ್ಲಿ, ಕೈಯಲ್ಲಿ ಕೆಲಸವಿರುವಾಗಲೇ, ಬೀಳುವ ಮುಂಚಿನ ಆ ವಾರ ಎಷ್ಟು ಮಾಮೂಲಾಗಿತ್ತು ಎಂಬುದು ನೆನಪಾಗಿ, ಉಸಿರು ಹಿಡಿದು ನಿಂತುಬಿಡುತ್ತಾರೆ.