ಮೆಟ್ಟಿಲ ಕೆಳಗಿನ ಕೋಣೆ

ಬಾಲಕಿಯರ ಸುಧಾರಣಾಗೃಹಕ್ಕೆ ಸಮವಸ್ತ್ರ ಹೊಲಿದುಕೊಡುತ್ತಿದ್ದ ಟೇಲರಮ್ಮನಿಗೆ ಅಲ್ಲಿನವರಲ್ಲೆಲ್ಲ ಅಚ್ಚುಮೆಚ್ಚಿನವಳು ಪಟಾಕಿ. ಹದಿನಾಲ್ಕು ವರ್ಷದವಳು, ಅಂಗಡಿಯಲ್ಲಿ ಮೊಬೈಲ್ ಕದ್ದು ಸಿಕ್ಕಿಬಿದ್ದಿದ್ದಳು. ಬಾಯಿಗೆ ಬೀಗವಿಲ್ಲದ್ದಕ್ಕೆ ಉಳಿದ ಹುಡುಗಿಯರು ಇಟ್ಟ ಹೆಸರು ಅದು.

“ಅಕ್ಕಾ, ಜೇಬು ದೊಡ್ಡದಾಗಿಡಿ,” ಎಂದಿದ್ದಳು ಅಳತೆ ಕೊಡುವಾಗ.

“ಏನಿಟ್ಕೊಳ್ಳೋಕೆ?”

“ನನ್ನ ಕೈಗಳ್ನೇ. ಹೊರಗಿದ್ರೆ ಏನಾದ್ರೂ ಎತ್ಕೊಂಡ್ಬಿಡ್ತವೆ!”

ಟೇಲರಮ್ಮ ನಗುತ್ತಲೇ ಅಳತೆ ಪುಸ್ತಕದಲ್ಲಿ ಬರೆದುಕೊಂಡಳು: ಎದೆ ಇಪ್ಪತ್ತೊಂಬತ್ತು.

ಒಂದೂವರೆ ತಿಂಗಳ ಮೇಲೆ ಬಟ್ಟೆ ತಂದು ತೊಡಿಸಿದರೆ ಅಂಗಿ ಗೂಟಕ್ಕೆ ಹಾಕಿದಂತೆ ಜೋತುಬಿತ್ತು. ಮತ್ತೆ ಟೇಪು ಹಿಡಿದಳು. ಇಪ್ಪತ್ತಾರು; ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಹುಡುಗಿ ಬಿಟ್ಟೂ ಬಿಡದೆ ಕೆಮ್ಮುತ್ತಿದ್ದಳು.

“ಏನಾಯ್ತೇ?”

“ಮೆಟ್ಟಿಲ ಕೆಳಗಿನ ಕೋಣೇಲಿ ಹಾಕಿದ್ರು, ಅಕ್ಕಾ. ಎದುರು ಮಾತಾಡಿದ್ದಕ್ಕೆ. ಹನ್ನೊಂದು ದಿನ, ಒಬ್ಳೇ.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಯಾರಿಗೂ ಹೇಳ್ಬೇಡಿ. ಮತ್ತೆ ಹಾಕ್ತಾರೆ.”

ಹೋಗುವಾಗ ಟೇಲರಮ್ಮನಿಗೆ ಮನಸ್ಸು ತಡೆಯಲಿಲ್ಲ. “ಆ ಹುಡುಗಿ ತುಂಬಾ ಸೊರಗಿದ್ದಾಳಲ್ಲ, ಮೇಡಂ?” ಎಂದಳು ಮೇಲ್ವಿಚಾರಕಿಗೆ.

“ಏನಂದ್ಲು ಅವಳು?”

“ಏನೂ ಇಲ್ಲ.”

“ನಿಮ್ಮದು ಸೂಜಿ ದಾರದ ಕೆಲಸ. ಅಷ್ಟು ನೋಡ್ಕೊಳ್ಳಿ.”

ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಇಲ್ಲದ ಉಸಾಬರಿ ನನಗೇಕೆ ಎಂದು ಎಂಟು ದಿನ ಸುಮ್ಮನಿದ್ದಳು. ಒಂಬತ್ತನೆಯ ದಿನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮಕ್ಕಳ ನ್ಯಾಯಾಲಯಕ್ಕೆ ಹೋದಳು.

ನ್ಯಾಯಾಧೀಶೆ ಕೋಣೆಯ ವಿಷಯ ಕೇಳಿ, ಎರಡೂ ಅಳತೆಗಳನ್ನು ನೋಡಿದರು. “ಅಳತೆ ತಪ್ಪಿರಬಹುದಲ್ಲ?”

“ಇಪ್ಪತ್ತೆರಡು ವರ್ಷದಿಂದ ಟೇಪು ಹಿಡಿದಿದ್ದೀನಿ, ಮೇಡಂ. ಕರಗಿರೋದು ಮಗು.”

ಅಂದೇ ಮಧ್ಯಾಹ್ನ ನ್ಯಾಯಾಧೀಶೆ ಹೇಳದೆ ಕೇಳದೆ ಸುಧಾರಣಾಗೃಹಕ್ಕೆ ಹೋಗಿ ಕೋಣೆ ತೆಗೆಸಿದರು. ಕಿಟಕಿಗೆ ಹಲಗೆ ಹೊಡೆದಿತ್ತು. ಪಟಾಕಿ ಬರಿನೆಲದ ಮೇಲೆ ಜ್ವರದಲ್ಲಿ ಕೆಂಡವಾಗಿದ್ದಳು. ಟೇಲರಮ್ಮ ವಿಚಾರಿಸಿ ಹೋದ ಸಂಜೆಯೇ ಅವಳನ್ನು ಮತ್ತೆ ಒಳಗೆ ತಳ್ಳಿದ್ದರು.

ಆಸ್ಪತ್ರೆಯಲ್ಲಿ ಐದನೆಯ ದಿನ ಅವಳು ತೀರಿಕೊಂಡಳು. “ಎರಡೂ ಶ್ವಾಸಕೋಶ ಹೋಗಿತ್ತು. ಒಂದು ವಾರ ಮೊದಲು ತಂದಿದ್ರೆ ಉಳಿಸ್ಬಹುದಿತ್ತು,” ಎಂದರು ವೈದ್ಯರು.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಪಟಾಕಿಯ ತಾಯಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಟೇಲರಮ್ಮ ಅವಳೆದುರು ನಿಂತು ಎಲ್ಲವನ್ನೂ ಹೇಳಿದಳು: ತಾನು ಬಾಯಿಬಿಟ್ಟದ್ದು, ಆಮೇಲೆ ಬಾಯಿ ಮುಚ್ಚಿಕೊಂಡದ್ದು.

“ಎಂಟು ದಿನ,” ಎಂದಳು ತಾಯಿ.

ಟೇಲರಮ್ಮನ ಕೆಲಸ ಹೋಯಿತು. ವಿಚಾರಣೆ ಒಂದು ವರ್ಷ ನಡೆಯಿತು. ಪ್ರತಿ ಸಲವೂ ಇಬ್ಬರೂ ಬಂದು ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂರುತ್ತಿದ್ದರು. ಮೇಲ್ವಿಚಾರಕಿಯ ವಕೀಲರು ಮಗಳನ್ನು “ಕಳ್ಳಿ” ಎಂದಾಗ ತಾಯಿ ಎದ್ದು ನಿಂತು, “ಕಳ್ಳಿಗೂ ಗಾಳಿ ಬೇಕಲ್ವಾ ಸ್ವಾಮಿ?” ಎಂದಳು.

ಕೊನೆಗೆ ತೀರ್ಪು ಬಂತು. ಮೇಲ್ವಿಚಾರಕಿಗೆ ಜೈಲಾಯಿತು. ಯಾವ ಮಗುವನ್ನೂ ಒಂಟಿಯಾಗಿ ಕೂಡಿಹಾಕಕೂಡದು, ವಾರಕ್ಕೊಮ್ಮೆ ವೈದ್ಯರು ಎಲ್ಲರನ್ನೂ ನೋಡಬೇಕು ಎಂದು ಆದೇಶವಾಯಿತು. ಓದಿ ಮುಗಿದ ಮೇಲೆ ಟೇಲರಮ್ಮ ಬೆಂಚಿನ ಆ ತುದಿಗೆ ತಿರುಗಿದಳು. ತಾಯಿ ಅಷ್ಟರಲ್ಲೇ ಎದ್ದು, ಲಾಂಡ್ರಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋಗುತ್ತಿದ್ದಳು.