ಗುಬ್ಬಿಯ ಕೋಟು

ಕಂಪ್ಯೂಟರ್ ರಿಪೇರಿಗೆ ಕರೆಯುವವರೆಲ್ಲ ಮೊದಲು ಹೇಳುವುದು ಒಂದೇ ಮಾತು: ನಾವೇನೂ ಮಾಡಿಲ್ಲ, ಅದಾಗಿಯೇ ಕೆಟ್ಟಿತು. ಸ್ಟುಡಿಯೋದವನೂ ಅದನ್ನೇ ಹೇಳಿದಾಗ ನನಗೆ ಮೈ ಉರಿಯಿತು. ಆ್ಯಂಟಿವೈರಸ್ಸನ್ನು ನಾನೇ ಹಾಕಿಕೊಟ್ಟಿದ್ದೆ. ಸ್ಕ್ಯಾನ್ ನಡೆಯುವಾಗ ಫೋಟೋ ಕೆಲಸ ನಿಧಾನವಾಗುತ್ತದೆಂದು ಪುಣ್ಯಾತ್ಮ ಅದನ್ನು ನಿಲ್ಲಿಸಿಟ್ಟಿದ್ದ. ಈಗ ಅವನು ಕಳಿಸಿದ ಫೋಟೋಗಳನ್ನು ಯಾವ ಕಚೇರಿಯ ಕಂಪ್ಯೂಟರೂ ತೆಗೆದುಕೊಳ್ಳುತ್ತಿರಲಿಲ್ಲ. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ.

ಸ್ಕ್ಯಾನ್ ಶುರು ಮಾಡಿ ಕೂತೆ. ಹಸಿರು ಪಟ್ಟಿ ತೆವಳುತ್ತಾ ಹೋಯಿತು. ಮದುವೆ ಫೋಟೋ, ಮಕ್ಕಳ ಫೋಟೋ, ಯಾವುದರಲ್ಲೂ ತೊಂದರೆಯಿಲ್ಲ. ಪಾಸ್‌ಪೋರ್ಟ್ ಫೋಟೋಗಳ ಸರದಿ ಬಂದದ್ದೇ ತಡ, ಸಾಲುಸಾಲಾಗಿ ಕೆಂಪು. ಬ್ಯಾಂಕಿನ ಗುಮಾಸ್ತ, ಔಷಧಿ ಅಂಗಡಿಯಾಕೆ, ಬಸ್ ಡ್ರೈವರ್. ಮುಖಗಳು ಬೇರೆ ಬೇರೆ, ಕಪ್ಪು ಕೋಟು ಮಾತ್ರ ಒಂದೇ. ಎಲ್ಲರ ಎಡ ಹೆಗಲೂ ಒಂದಿಷ್ಟು ಕೆಳಗಿಳಿದಿತ್ತು.

"ಇದ್ಯಾರ ಕೋಟು?" ಎಂದೆ.

ಕೋಟಿಲ್ಲದೆ ಬಂದವರ ತಲೆಯನ್ನು ಒಂದು ಕೋಟಿನ ಚಿತ್ರದ ಮೇಲೆ ಕೂರಿಸಿಕೊಡುವುದು ಅವನ ರೂಢಿ. "ನನ್ನ ತಮ್ಮಂದು ಮೇಡಂ. ಗುಬ್ಬಿ ಅಂತಿದ್ವಿ. ಒಂದೇ ಒಂದ್ಸಲ ಕೋಟು ಹಾಕ್ಕೊಂಡು ಕೂತಿದ್ದ. ಅವನ ತಲೆ ತೆಗೆದು ಮಾದರಿ ಮಾಡ್ಕೊಂಡೆ. ಅದೇ ಹೆಸರಲ್ಲಿ ಸೇವ್ ಮಾಡ್ಬಿಟ್ಟೆ, ಮುಖ ಹೋಯ್ತು. ನಾಳೆ ಇನ್ನೊಂದು ತೆಗೆದ್ರಾಯ್ತು ಅಂದ್ಕೊಂಡೆ."

ಗುಬ್ಬಿ ಜ್ವರ ಬಂದು ತೀರಿಕೊಂಡ. ಊರಿನವರ ಫೋಟೋ ಎಲ್ಲ ತೆಗೆದವನದ್ದು ಮನೆಯಲ್ಲಿ ಒಂದೂ ಇರಲಿಲ್ಲ. ಕ್ಯಾಮೆರಾ ಚೀಲ ಹೊತ್ತು ಹೊತ್ತು ಜೋತ ಆ ಹೆಗಲಷ್ಟೇ ಉಳಿದಿತ್ತು.

ವೈರಸ್ ಸೇರಿಕೊಂಡದ್ದು ಆ ಕೋಟಿನ ಫೈಲಿನಲ್ಲೇ. ಅಲ್ಲಿಂದಲೇ ಆ ಕೋಟು ಹಾಕಿಸಿದ ಫೋಟೋಗಳಿಗೆಲ್ಲ ಹಬ್ಬಿತ್ತು. ಸರಿಪಡಿಸಲು ತುಂಬಾ ಹೆಣಗಿದೆ, ಆಗಲಿಲ್ಲ. ಅಳಿಸದೆ ಬೇರೆ ದಾರಿಯಿಲ್ಲ ಎಂದೆ.

"ಬೇಕಾದ್ರೆ ಅಂಗಡಿ ಮುಚ್ತೀನಿ. ಅದನ್ನ ಮಾತ್ರ ಮುಟ್ಬೇಡಿ," ಎಂದ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನ್ನಿಸಿತು.

ಬಾಗಿಲ ಬಳಿ ಕೂತು ಫೋಟೋಗಳನ್ನು ಕತ್ತರಿಸುತ್ತಿದ್ದ ಅವನ ತಾಯಿ ಕತ್ತರಿ ಕೆಳಗಿಟ್ಟರು.

"ಅಳಿಸಿಬಿಡಪ್ಪ," ಎಂದರು ಮಗನಿಗೆ. "ಇಲ್ಲಿ ಫೋಟೋ ತೆಗೆಸ್ಕೊಂಡೋರು ಸ್ವಲ್ಪ ದಿನಕ್ಕೆ ಅವನ ಥರಾನೇ ನಡೀತಾರೆ. ನಾನು ಇಲ್ಲಿ ಕೂತು ನೋಡ್ತಾನೇ ಇರ್ತೀನಲ್ಲ. ಎಲ್ಲರ ಮೈಯಲ್ಲೂ ಅವನೇ ಅಲೀತಿದಾನೆ. ಸುಸ್ತಾಗಿರತ್ತೆ ಮಗೂಗೆ. ಮಲಗಲಿ ಬಿಡು."

ಮುದುಕಿಗೆ ಅರಳುಮರಳು ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದೇ ಹೊತ್ತಿಗೆ ಬ್ಯಾಂಕಿನ ಗುಮಾಸ್ತ ರಸ್ತೆಯಲ್ಲಿ ಹಾದುಹೋದ. ಎಡ ಹೆಗಲು ಜೋತಿತ್ತು. ಹೆಗಲ ಮೇಲೆ ಯಾವ ಚೀಲವೂ ಇರಲಿಲ್ಲ.

ಅಣ್ಣನೇ ಬಟನ್ ಒತ್ತಿದ. ಕೋಟು ಹೋಯಿತು, ಅದನ್ನು ಹಾಕಿಸಿದ ಫೋಟೋಗಳೂ ಹೋದವು. ಮತ್ತೊಮ್ಮೆ ಸ್ಕ್ಯಾನ್ ಮಾಡಿದೆ. ಯಾವ ಅಪಾಯವೂ ಕಂಡುಬಂದಿಲ್ಲ ಎಂದು ತೋರಿಸಿತು. ಅವನು ಕೀಬೋರ್ಡಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದ.

ನೋಡಲಾಗದೆ ಚೀಲ ಹೆಗಲಿಗೇರಿಸಿ ಹೊರಟೆ. ಅದು ಜಾರಿತು. ಮತ್ತೆ ಏರಿಸಿದೆ, ಮತ್ತೆ ಜಾರಿತು. ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿದೆ. ಅದರ ಫೋಟೋ ಹೋದ ವರ್ಷ ಇಲ್ಲೇ ತೆಗೆಸಿದ್ದು. ಫೋಟೋದಲ್ಲಿ ಕಪ್ಪು ಕೋಟು ಹಾಕಿದ್ದೇನೆ. ನನ್ನ ಹತ್ತಿರ ಕೋಟೇ ಇಲ್ಲ.

ಆ ತಾಯಿ ಹಿಂದೆಯೇ ಬಂದು ನನ್ನ ಎಡ ಹೆಗಲನ್ನು ಮೆಲ್ಲಗೆ ಎತ್ತಿ ನೆಟ್ಟಗೆ ಮಾಡಿದರು.

"ಹುಷಾರಾಗಿ ಹೋಗು ಗುಬ್ಬಿ," ಎಂದರು.

"ಹೂಂ ಅಮ್ಮ, ಬೇಗ ಬರ್ತೀನಿ," ಎಂದೆ. ಹಾಗೆನ್ನಬೇಕೆಂದು ನಾನು ಅಂದುಕೊಂಡೇ ಇರಲಿಲ್ಲ.

ಒಳಗೆ ಅಣ್ಣನ ಅಳು ಥಟ್ಟನೆ ನಿಂತಿತು.