ಬೆವರಿಗೆ ವಾಸನೆಯಿಲ್ಲ
ಕ್ಷೌರದವನು ಗಿರಾಕಿಯ ಬಲಗೆನ್ನೆ ಮುಗಿಸಿ ಕೈ ಚಾಚಿದ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ನೀಲಿ ಔಷಧಿಯ ಬಾಟಲಿ ಇರಲಿಲ್ಲ. ಕತ್ತರಿ, ಬಾಚಣಿಗೆಗಳ ಕ್ರಿಮಿ ಕೊಲ್ಲುವ ಔಷಧಿ ಅದು. ಒಂದು ಚೆಂಬು ನೀರಿಗೆ ಒಂದೇ ಮುಚ್ಚಳ ಹಾಕಬೇಕು. ನೀರು ಬೆರೆಸದೆ ಮೈಗೆ ತಾಗಿದರೆ ಚರ್ಮವೇ ಸುಲಿದು ಬರುತ್ತದೆ.

ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಮುದುಕ ತಲೆಯೆತ್ತಿದ. “ನಿಮ್ಮ ಗುಬ್ಬಿ ತಗೊಂಡು ಹೋದ್ಳಲ್ಲ. ನೀವು ಹಿಂದ್ಗಡೆ ಟವೆಲ್ ಹಿಂಡ್ತಿದ್ರಿ. ಅಪ್ಪ ಹೇಳಿದಾರೆ ಅಂದ್ಳು.”

ಗುಬ್ಬಿ ಅವನ ಮಗಳು. ಹನ್ನೆರಡು ತುಂಬಿತ್ತು. ತಾಯಿ ತೀರಿಕೊಂಡ ನಾಲ್ಕು ವರ್ಷದಿಂದ ಜಡೆ ಹೆಣೆಯುವುದರಿಂದ ಹಿಡಿದು ಜ್ವರ ನೋಡುವವರೆಗೆ ಎಲ್ಲವೂ ಅಪ್ಪನದೇ. ಹಿಂದಿನ ದಿನ ಊಟಕ್ಕೆ ಕೂತಾಗ ಅವನು, “ಏನಮ್ಮ, ಮನೇಲಿ ಹೋತ ಏನಾದ್ರೂ ಕಟ್ಟಿದ್ದೀಯಾ?” ಎಂದು ಮೂಗು ಮುಚ್ಚಿ ನಕ್ಕಿದ್ದ. ಅವಳು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದಿದ್ದಳು.

ಈಗ ಅವನಿಗೆ ಅದು ನೆನಪಾಯಿತು. ಎಡಗೆನ್ನೆಯ ತುಂಬ ನೊರೆ ಹೊತ್ತ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ಬಿದ್ದೆನೋ ಎದ್ದೆನೋ ಅಂತ ಓಡಿದ.

ಮನೆಯ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ಸ್ಕೂಲ್ ಬ್ಯಾಗು ಹೊಸ್ತಿಲಲ್ಲೇ ಬಿದ್ದಿತ್ತು. ಬಚ್ಚಲುಮನೆಗೆ ಒಳಗಿನಿಂದ ಚಿಲಕ. ನೀರಿನ ಸದ್ದಿಲ್ಲ.

“ಗುಬ್ಬಿ, ಬಾಟಲಿ ಒಳಗಿದೆಯಾ?”

ಅವನು ಬಾಗಿಲು ತಟ್ಟಿದ.

“ಹಚ್ಕೊಂಡ್ಯಾ?”

“ನೀನು ಹೋಗಪ್ಪ.”

“ಉರೀತಿದೆಯಾ?”

“ಉರೀಲಿ. ಉರಿದ್ರೇನೇ ಕ್ರಿಮಿ ಸಾಯೋದು.”

ಬಾಗಿಲು ಒದೆಯಲು ಕಾಲೆತ್ತಿದವನು ತಡೆದ. ಅಂಗೈಯಗಲದ ಬಚ್ಚಲು, ಅವಳು ಬಾಗಿಲಿಗೆ ಒರಗಿಯೇ ನಿಂತಿರಬೇಕು. ಕತ್ತಿ ಗಂಟಲ ಮೇಲಿರುವಾಗ ಕೈ ನಡುಗಬಾರದು ಎಂಬುದು ಅವನ ಕಸುಬು ಕಲಿಸಿದ ಪಾಠ. ದನಿಯನ್ನು ಹಾಗೇ ಬಿಗಿಹಿಡಿದ.

“ನಲ್ಲಿ ಬಿಟ್ಟು ಅದರ ಕೆಳಗೆ ನಿಂತ್ಕೋ. ಬಾಗಿಲು ತೆಗೀಬೇಡ, ನಾನು ಬರಲ್ಲ.”

“ನನ್ನ ಪಕ್ಕ ಕೂರೋಳು ಇವತ್ತು ಬೆಂಚು ಬದಲಾಯಿಸಿದ್ಳು. ಇಡೀ ಕ್ಲಾಸು ನೋಡ್ತು.” ದನಿ ಒಡೆಯಿತು. “ನೀನೂ ಹೇಳ್ದೆ.”

“ಹೇಳ್ದೆ. ಎಲುಬಿಲ್ಲದ ನಾಲಿಗೆ, ಹೊರಳಿಬಿಡ್ತು. ತಪ್ಪು ನಂದು. ಅದಕ್ಕೆ ನಿನ್ನ ಮೈ ಸುಟ್ಕೋಬೇಡ, ಮಗಳೇ. ನೀರು ಬಿಡು.”

ಅವನ ಅಂಗೈ ಬೆವರಿ ಬಾಗಿಲಿನ ಮೇಲೆ ಜಾರಿತು. ಕೊನೆಗೆ ನಲ್ಲಿ ಕಿರ್ರೆಂದು, ನೀರು ಬೀಳತೊಡಗಿತು. ಅವನು ಅಲ್ಲೇ ಕುಕ್ಕರಿಸಿ ಗಡಿಯಾರ ನೋಡುತ್ತ ಕೂತ. ಎರಡೆರಡು ನಿಮಿಷಕ್ಕೊಮ್ಮೆ “ಇದ್ದೀಯಾ?” ಎನ್ನುವನು. “ಇದ್ದೀನಿ” ಎನ್ನುವಳು. ಇಪ್ಪತ್ತು ನಿಮಿಷ ಕಳೆದ ಮೇಲೆ ಚಿಲಕ ಸರಿಯಿತು. ಟವೆಲ್ ಸುತ್ತಿಕೊಂಡು, ಎರಡೂ ತೋಳು ಮೈಯಿಂದ ದೂರ ಹಿಡಿದು ನಿಂತಿದ್ದಳು. ಕಂಕುಳು ಕೆಂಡದಂತೆ ಕೆಂಪಾಗಿ ಅಲ್ಲಲ್ಲಿ ಬೊಬ್ಬೆ ಎದ್ದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆಯ ಹಿಂದೆ ಅವಳನ್ನು ನೋಡಿ ಮುಲಾಮು ಹಚ್ಚಿದರು. “ನೀರು ಬಿಟ್ಟಿದ್ದೇ ಕಾಪಾಡ್ತು. ಗಾಯ ಮೇಲ್ಮೇಲೇ ನಿಂತಿದೆ,” ಎಂದರು. ಆಮೇಲೆ ಅಪ್ಪನ ಕಡೆ ತಿರುಗದೆ ಹುಡುಗಿಗೇ ಹೇಳಿದರು. “ಬೆವರಿಗೆ ವಾಸನೇನೇ ಇಲ್ಲ ಕಣಮ್ಮ. ಚರ್ಮದ ಮೇಲೆ ಎಲ್ಲರಿಗೂ ಬ್ಯಾಕ್ಟೀರಿಯಾ ಇರ್ತಾವೆ, ನನಗೂ ಇವೆ. ನಿನ್ನ ವಯಸ್ಸಿಗೆ ಕಂಕುಳಲ್ಲಿ ಬೇರೆ ಥರದ ಬೆವರು ಶುರುವಾಗುತ್ತೆ. ಅವು ಅದನ್ನ ತಿಂತಾವೆ, ಆಗ ವಾಸನೆ ಬರುತ್ತೆ.”

“ಮತ್ತೆ ಎಲ್ಲಾನೂ ಸಾಯಿಸಿದ್ರೆ?”

“ನಾಳೆ ಮತ್ತೆ ಹುಟ್ಕೊಳ್ತಾವೆ. ಅದೂ ಅಲ್ದೆ, ಚರ್ಮ ಕಾಯೋವೂ ಅದರಲ್ಲೇ ಇವೆ. ಗಾಯ ಮಾಯ್ಲಿ. ಆಮೇಲೆ ಸೋಪು ಹಾಕಿ ತೊಳ್ಕೊ, ಚೆನ್ನಾಗಿ ಒರೆಸ್ಕೊ, ದಿನಾ ಒಗೆದ ಬಟ್ಟೆ ಹಾಕ್ಕೊ.”

ಐದನೆಯ ದಿನ ಅವಳು ಸಡಿಲವಾದ ಅಂಗಿ ತೊಟ್ಟು ಸ್ಕೂಲಿಗೆ ಹೊರಟಳು. “ನಾನು ಬಂದು ಟೀಚರ್ ಹತ್ರ ಮಾತಾಡ್ಲಾ?” ಅಂದ.

“ಬೇಡ. ನೀನು ಸುಮ್ನಿದ್ರೆ ಸಾಕು.”

ಆ ದಿನ ಅವನ ಕೈ ಅಂಗಡಿಯಲ್ಲಿ, ಜೀವ ಶಾಲೆಯ ಬಾಗಿಲಲ್ಲಿ. ಸಂಜೆ ಅವಳು ಬಂದು ಬೆಂಚಿನ ಮೇಲೆ ಕೂತಳು. ಅವನು ಏನೂ ಕೇಳಲಿಲ್ಲ. ಅವಳೇ ಬಾಯಿಬಿಟ್ಟಳು: “ನನ್ನ ಪಕ್ಕ ಕೂರ್ತಿದ್ದೋಳು ಇನ್ನೂ ಆ ಬೇರೆ ಬೆಂಚಲ್ಲೇ ಕೂರ್ತಾಳೆ. ಊಟದ ಹೊತ್ತಲ್ಲಿ ಮಾತ್ರ ಹತ್ರ ಬಂದ್ಳು. ಡಾಕ್ಟರ್ ಏನಂದ್ರು ಅಂತ ಮೆಲ್ಲಗೆ ಕೇಳಿದ್ಳು. ಅವರಮ್ಮ ಅವಳಿಗೂ ವಾಸನೆ ಬರುತ್ತೆ ಅಂತ ದಿನಾ ಬೈತಾರಂತೆ.”